ಕೌದಿ ಹೊದ್ದ ಕಂಪ್ಯೂಟರ್

ಸ್ವಂತ ಮನೆಯ ಪಡಸಾಲೆಗೆ ಕೆಮ್ಮಿ, ಕೇಳಿ, ಒಪ್ಪಿಗೆ ಪಡೆದು ಕಾಲಿಡುವ ಗಂಡಸು ಗಜೇಂದ್ರಗಡದಲ್ಲಿ ಇನಾಯತ ಒಬ್ಬನೇ ಇರಬೇಕು. ಅವನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಮ್ಮೆ ಕೆಮ್ಮುತ್ತಾನೆ. ಒಳಗಿನಿಂದ ಹೆಂಡತಿ ಜಬೀನಳ ದನಿ ಬರುತ್ತದೆ.

"ತಡೀರಿ, ಹೆಂಗಸರ ಕಡೀದು ನಡದೈತಿ."

"ನಾ ನೀರ ಕುಡ್ಯಾಕ ಬಂದೀನಿ ಮಾರಾಯ್ತಿ."

"ಮುದುಕವ್ವ ಆಯಿ ಮನ್ಯಾಗ ಕುಡೀರಿ."

ಮುದುಕವ್ವನ ಮನೆ ಗೋಡೆಗೆ ಗೋಡೆ ಹತ್ತಿಕೊಂಡೇ ಇದೆ. ನಾನು ಸೋಮವಾರ ಕಾಲಕಾಲೇಶ್ವರನ ಗುಡ್ಡ ಇಳಿದು ಬರುವಾಗ ಆಕೆಯ ಕಟ್ಟೆಯ ಮೇಲೆ ಕೂತು ನೀರು ಕುಡಿಯುವುದು ರೂಢಿ. ಹೀಗಾಗಿ ಇನಾಯತನೂ ನಾನೂ ಒಂದೇ ಕೊಡದ ನೀರು ಕುಡಿದವರು. ಎರಡೂ ಮನೆಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಹಾಗೆಯೇ. ಒಮ್ಮೆ ಜಬೀನ ಹೇಳುತ್ತಿದ್ದಳು, ಒಮ್ಮೆ ಮುದುಕವ್ವ, ಬಹಳ ಸಲ ಇಬ್ಬರೂ ಕೂಡಿ.

ಜಬೀನ ಹುಟ್ಟಿದ್ದು ಸೂಡಿಯಲ್ಲಿ. ತಂದೆ ಇಸ್ಮಾಯಿಲಸಾಬರಿಗೆ ಒಂದಿಷ್ಟು ಎರೆ ಹೊಲ, ಜೋಳ, ಕಡಲೆ. ಹತ್ತನೆಯ ತರಗತಿ ಮುಗಿಸಿ, ಮದುವೆಯ ಫೋಟೊ ವಿಡಿಯೊ ತೆಗೆಯುವ ಇನಾಯತನ ಕೈಹಿಡಿದಳು. ಮೊದಲೆಲ್ಲ ಅವಳ ಕೆಲಸ ಲೈಟು ಹಿಡಿಯುವುದು. ಒಂದು ಸಲ ಅಬ್ಬಿಗೇರಿಯ ಮದುವೆಯಲ್ಲಿ ಹಳದಿ ಹಚ್ಚುವ ಹೊತ್ತಿಗೆ ವಧುವಿನ ತಾಯಿ ಬಾಗಿಲಿಗೆ ಅಡ್ಡ ನಿಂತು, "ಕ್ಯಾಮೆರಾ ಬರ್ಲಿ, ಕ್ಯಾಮೆರಾದಾಂವ ಬ್ಯಾಡ" ಅಂದುಬಿಟ್ಟಳು. ಎಲ್ಲರೂ ಲೈಟು ಹಿಡಿದವಳ ಕಡೆ ತಿರುಗಿದರು. ಜಬೀನ ಬಿಸ್ಮಿಲ್ಲಾ ಹೇಳಿ ಕ್ಯಾಮೆರಾ ಹೊತ್ತು ಒಳಗೆ ಹೋದಳು. ಆ ಚಿತ್ರದಲ್ಲಿ ವಧುವಿಗಿಂತ ಸೀಲಿಂಗ್ ಫ್ಯಾನೇ ಹೆಚ್ಚು ಕಾಣುತ್ತದೆ. ಆದರೂ ಅಬ್ಬಿಗೇರಿಯವರು ಅದನ್ನು ಇವತ್ತಿಗೂ ಹಾಕಿಕೊಂಡು ನೋಡುತ್ತಾರೆ. ಫ್ಯಾನಿನ ಕೆಳಗೆ ನಡೆದ ನಗು ಮಾತು ಪೂರ್ತಿ ದಾಖಲಾಗಿದೆಯಲ್ಲ.

ಅಲ್ಲಿಂದ ಮುಂದೆ ಗಂಡಸರ ಕಡೆ ಇನಾಯತ, ಹೆಂಗಸರ ಕಡೆ ಜಬೀನ. ಕತ್ತರಿಸಿ ಜೋಡಿಸುವುದನ್ನು ಅವಳು ಫೋನಿನಲ್ಲಿ ನೋಡಿ ನೋಡಿ ಕಲಿತಳು. ಇಂಗ್ಲಿಷ್ ಪದಗಳ ಅರ್ಥ ಎಷ್ಟೋ ದಿನ ಗೊತ್ತಿರಲಿಲ್ಲ. ಯಾವ ಮೂಲೆಯ ಗುಂಡಿ ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಅವಳದು ಒಂದೇ ಕಟ್ಟಳೆ. ಹೆಂಗಸರ ಕಡೆಯ ಚಿತ್ರ ತನ್ನ ಕಂಪ್ಯೂಟರು ಬಿಟ್ಟು ಮತ್ತೊಬ್ಬರ ಯಂತ್ರಕ್ಕೆ ಹೋಗಬಾರದು. ಅಲ್ಲಿಂದ ನೇರ ಪೆನ್ ಡ್ರೈವಿಗೆ, ಪೆನ್ ಡ್ರೈವು ಆ ಮನೆಯ ಹಿರಿಯ ಹೆಂಗಸಿನ ಕೈಗೆ. ಈ ಮಾತಿನ ಮೇಲೆಯೇ ರೋಣ, ನರಗುಂದ, ಗಜೇಂದ್ರಗಡದ ಮನೆಗಳು ಅವಳನ್ನು ಕರೆಯುತ್ತವೆ. ಹೆಣ್ಣುಮಕ್ಕಳು ಅವಳ ಕ್ಯಾಮೆರಾದ ಮುಂದೆ ತಲೆಯ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ನಗುತ್ತಾರೆ.

ಕಂಪ್ಯೂಟರು ಇರುವುದು ಪಡಸಾಲೆಯಲ್ಲಿ. ಗಿರಾಕಿಗಳು, ನೆಂಟರು, ಹಾಲಿನವನು ಎಲ್ಲರೂ ಅಲ್ಲಿಯೇ ಬರಬೇಕು. ಅದಕ್ಕೆ ಜಬೀನ ಒಂದು ಉಪಾಯ ಮಾಡಿಕೊಂಡಿದ್ದಳು. ಸೂಡಿಯಿಂದ ತಾಯಿ ಹಳೆಯ ಸೀರೆ ಕೂಡಿಸಿ ಹೊಲಿದುಕೊಟ್ಟ ದಪ್ಪ ಕೌದಿಯನ್ನು ಮಾನಿಟರು, ಕೆಳಗಿನ ಸಿಪಿಯು ಪೆಟ್ಟಿಗೆ ಎರಡೂ ಮುಚ್ಚುವಂತೆ ಇಡೀ ಟೇಬಲಿನ ಮೇಲೆ ಹೊದಿಸಿಬಿಡುವುದು. ಆ ಉಪಾಯವೇ ಮುಂದೆ ಏನು ಮಾಡಿತು ಎಂಬುದೇ ಈ ಕತೆ.

ಅದಕ್ಕಿಂತ ಮೊದಲು ಕಳೆದ ವರ್ಷದ ಬೇಸಿಗೆಯ ಒಂದು ಸಂಗತಿ ಹೇಳಬೇಕು.

ತುಣುಕುಗಳನ್ನು ಜೋಡಿಸಿದ ಮೇಲೆ ಅವನ್ನೆಲ್ಲ ಕಂಪ್ಯೂಟರು ಅರೆದು, ಕಲಸಿ, ಒಂದೇ ಫಿಲ್ಮು ಮಾಡಿ ಕೊಡಬೇಕು. ಅದಕ್ಕೆ ರೆಂಡರ್ ಅನ್ನುತ್ತಾರೆ. ತಾಸುಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕಳೆದ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಜಬೀನಳ ಜೀವ ತಿನ್ನುತ್ತಿತ್ತು. ಮುದುಕವ್ವನ ಮನೆಯಲ್ಲಿ ಇನ್ವರ್ಟರ್ ಇತ್ತು. ಆಕೆಯ ಮಗ, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಳಕೇಶ, ತಾಯಿಯ ಸಂಜೆಯ ಧಾರಾವಾಹಿ ತಪ್ಪಬಾರದೆಂದು ತಂದು ಕೂರಿಸಿದ್ದು.

"ಕಿಡಕ್ಯಾಗಿಂದ ಒಂದ ವಾಯರ್ ಎಳಕೊ, ಅದಕ್ಕೇನ ಆಗತೈತಿ" ಅಂದಳು ಮುದುಕವ್ವ.

ಕಳಕೇಶನಿಗೆ ಅನುಮಾನ. "ಅಕ್ಕಾರ, ಕಂಪ್ಯೂಟರ್ ಅಂದ್ರ ಬ್ಯಾಟರಿ ಕುಡದಬಿಡ್ತೈತಿ. ನಮ್ಮವ್ವ ಕತ್ತಲ್ಯಾಗ ಕುಂದ್ರಬೇಕೇನ್ರಿ?"

ಪ್ರೊಸೆಸರು ಎಷ್ಟು ವ್ಯಾಟು ತಿನ್ನುತ್ತದೆ, ಎಷ್ಟು ಬಿಸಿಯಾಗಿದೆ ಎಂದು ಕಂಪ್ಯೂಟರಿನಲ್ಲೇ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಇದೆ ಎಂದು ಜಬೀನ ಎಲ್ಲೋ ನೋಡಿದ್ದಳು. ಅದನ್ನು ಇಳಿಸಿಕೊಂಡು, ಮದುವೆಯದಲ್ಲದ ಯಾವುದೋ ಗುಡ್ಡದ ವಿಡಿಯೊ ರೆಂಡರಿಗೆ ಹಚ್ಚಿ, ಕಳಕೇಶನನ್ನು ಕರೆದು ತೋರಿಸಿದಳು. "ನೋಡ್ರಿ ಅಣ್ಣಾರ, ಜೋರ್ ಕೆಲಸ ಮಾಡುಮುಂದ ಎಪ್ಪತ್ತೈದು ವ್ಯಾಟ್. ಅಷ್ಟ."

"ಅದು ಹೇಳಿದ್ದನ್ನ ನಂಬೂದೇನ್ರಿ? ಯಾರನ್ನರ ಕೇಳ್ರಿ, ನಾ ಭಾಳ ತಿನ್ನಂಗಿಲ್ಲ ಅಂತನ ಅಂತಾರ" ಅಂದ ಕಳಕೇಶ.

ಮಾತು ನಗೆಯದೇ ಆದರೂ ಜಬೀನಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮರುದಿನ ಮನೆಯ ಫ್ಯಾನು, ಫ್ರಿಜ್ಜು, ದೀಪ ಎಲ್ಲ ಬಂದ್ ಮಾಡಿ, ಕಂಪ್ಯೂಟರು ಒಂದನ್ನೇ ಅದೇ ಗುಡ್ಡದ ವಿಡಿಯೊದ ರೆಂಡರಿಗೆ ಹಚ್ಚಿಟ್ಟಳು. ಬಾಗಿಲ ಹೊರಗಿನ ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತದಲ್ಲ, ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಎಣಿಸಲು ಇನಾಯತನನ್ನು ನಿಲ್ಲಿಸಿದಳು. ಅವನು ಎಣಿಸುವಾಗ ದಾರಿಯಲ್ಲಿ ಯಾರೋ ಸಲಾಮ್ ಹೇಳಿದರು, ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಿದ, ಮತ್ತೊಬ್ಬರು ಬಂದರು.

"ನಿನ್ನ ತಸ್ಬಿ ಕೊಡು, ಮಣಿ ಎಳಕೋತ ಎಣಸ್ತೀನಿ."

"ಅದು ಅಲ್ಲಾಹನ ಹೆಸರಿಗೆ ಐತಿ. ಮೀಟರಿಗಲ್ಲ."

ಮುದುಕವ್ವ ಒಳಗಿನಿಂದ ಒಂದು ಬೊಗಸೆ ಹುಣಸೆ ಬೀಜ ತಂದುಕೊಟ್ಟಳು. ದೀಪ ಒಮ್ಮೆ ಮಿಣುಕಿದರೆ ಬಟ್ಟಲಿಗೆ ಒಂದು ಬೀಜ. ಜಬೀನ ಗಡಿಯಾರ ಹಿಡಿದು ನಿಂತಳು. ಕೊನೆಗೆ ಬೀಜ ಎಣಿಸಿ, ಭಾಗಿಸಿ ನೋಡಿದರೆ ಎಪ್ಪತ್ತೈದಲ್ಲ, ನೂರಾ ಎಪ್ಪತ್ತೈದು!

ಮತ್ತೊಮ್ಮೆ ಮಾಡಿದರೂ ಅಷ್ಟೇ ಬಂತು. ಆಗ ಅವಳಿಗೆ ತಿಳಿಯಿತು. ಸಾಫ್ಟ್‌ವೇರ್ ಸುಳ್ಳು ಹೇಳಿರಲಿಲ್ಲ; ಪ್ರೊಸೆಸರಿನ ತಾಟಿನಲ್ಲಿ ಬಿದ್ದದ್ದನ್ನಷ್ಟೇ ಹೇಳಿತ್ತು. ಮಾನಿಟರು, ಡಿಸ್ಕು, ಫ್ಯಾನು, ಉಳಿದ ಭಾಗಗಳು, ಪವರ್ ಸಪ್ಲೈಯಲ್ಲಿ ಸುಮ್ಮನೆ ಬಿಸಿಯಾಗಿ ಹೋಗುವುದು, ಇವೆಲ್ಲ ಕೂಡಿ ಇನ್ನೊಂದು ನೂರು. ಮಾನಿಟರು ಆರಿಸಿ ಎಣಿಸಿದಾಗ ಅದರಲ್ಲಿ ಇಪ್ಪತ್ತೈದು ಇಳಿಯಿತು. ಅಂದರೆ ಮಾನಿಟರು ಬಂದ್ ಇದ್ದರೆ, ಸಾಫ್ಟ್‌ವೇರ್ ಹೇಳಿದ್ದಕ್ಕೆ ಎಪ್ಪತ್ತೈದು ಕೂಡಿಸಿದರೆ ಖರೇ ಲೆಕ್ಕ.

ಅವಳು ತಾನಾಗಿಯೇ ಅಂಗಡಿಗೆ ಹೋಗಿ ಹೇಳಿದಳು. "ಅಣ್ಣಾರ, ನಾ ಹೇಳಿದ್ದು ತಪ್ಪಾಗಿತ್ತರಿ. ಅದರ ದುಪ್ಪಟ್ಟಿಗಿಂತ ಜಾಸ್ತಿ ತಿಂತೈತಿ."

ಕಳಕೇಶ ತಕ್ಕಡಿ ಬಿಟ್ಟು ನಕ್ಕ. "ಜಾಸ್ತಿ ತಿಂತೈತಿ ಅಂತ ತಾನ ಬಂದು ಹೇಳಿದ ಗಿರಾಕಿ ನೀವ ಮೊದಲನೇದವ್ರು. ವಾಯರ್ ಎಳೀರಿ. ಆದ್ರ ಬ್ಯಾಟರಿ ಹಳೇದು. ಇನ್ನೂರ ವ್ಯಾಟಿನ ಸಾಮಾನ ಹಚ್ಚಿದ್ರ ಎರಡೂವರಿ ತಾಸು, ಮುಂದ ಕೂಗತೈತಿ."

ಹೀಗೆ ಕಿಟಕಿಯಲ್ಲಿ ವಾಯರು ಬಂತು. ಆದರೆ ಆ ವರ್ಷ ಮಳೆ ಬೇಗ ಹಿಡಿದು, ಕರೆಂಟಿನ ಕಾಟ ತಗ್ಗಿ, ದೊಡ್ಡ ಕೆಲಸಕ್ಕೆ ಅದರ ಹಂಗು ಬೀಳಲಿಲ್ಲ.

ಈ ವರ್ಷ ಬಿತ್ತು.

ರಾಜೂರಿನ ಕಾಶೀಂಬಿಯ ಮೊಮ್ಮಗಳು ಗುಲ್ಷನಳ ಮದುವೆ ಭಾನುವಾರ ಗಜೇಂದ್ರಗಡದಲ್ಲಿ ಆಯಿತು. ವರ ನರಗುಂದದವನು, ಗಂಡಿನ ಕಡೆಯವರು ಹಾಕುವ ವಲೀಮಾ ಊಟ ಸೋಮವಾರ ಅಲ್ಲಿ. ಈ ಮದುವೆಯ ಒಂದೊಂದು ಶಾಸ್ತ್ರವನ್ನೂ ತಿಂಗಳುಗಟ್ಟಲೆ ಕೂತು ನಿಗದಿ ಮಾಡಿದವಳು ಕಾಶೀಂಬಿ. ಯಾರು ಮೊದಲು ಹಳದಿ ಹಚ್ಚಬೇಕು, ಯಾರು ಹಾಡಬೇಕು, ಯಾರಿಗೆ ಹಾಡಲು ಬಿಡಬಾರದು, ಎಲ್ಲ. ಮದುವೆಗೆ ವಾರವಿದ್ದಾಗ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ದವಾಖಾನೆಯವರು ಪ್ಲಾಸ್ಟರ್ ಹಾಕಿ, ಹಾಸಿಗೆ ಬಿಟ್ಟು ಏಳಬಾರದು ಅಂದರು. ಹಳದಿಯೂ ಗಜೇಂದ್ರಗಡದಲ್ಲೇ ಇತ್ತು; ಇಡೀ ಮನೆ ಹೋಯಿತು, ಕಾಶೀಂಬಿ ರಾಜೂರಿನಲ್ಲೇ ಉಳಿದಳು.

ಜಬೀನಳಿಗೆ ಫೋನು ಬಂತು. "ಏ ಜಬೀನ, ನಂದು ಕಾಲ ಮುರದೈತಿ, ಕಣ್ಣ ಮುರದಿಲ್ಲ. ಜುಮ್ಮಾಗಿ ದಿನ ನನಗ ಎಲ್ಲಾ ತೋರಸಬೇಕು. ನನ್ನ ಹೆಣ್ಣಮಕ್ಕಳು, ಸೊಸ್ತೇರು, ಗುಲ್ಷನ, ಎಲ್ಲಾರೂ ಬಾಜೂಕ ಕುಂತಿರಬೇಕು. ಯಾರ್ ಯಾರ್ ಏನೇನ್ ತಪ್ಪ ಮಾಡ್ಯಾರ ಅವರ ಮುಂದನ ಹೇಳಬೇಕು ನಾ."

ಜುಮ್ಮಾಗಿ ಎಂದರೆ ಮದುವೆಯಾದ ಮೇಲಿನ ಶುಕ್ರವಾರ ಹೊಸ ಜೋಡಿಯನ್ನು ತವರಿಗೆ ಕರೆದು ಉಣಿಸುವುದು. ಅವತ್ತು ಮಧ್ಯಾಹ್ನದ ನಮಾಜು, ಊಟ ಆದ ಮೇಲೆ ಹೆಂಗಸರೆಲ್ಲ ಒಂದೆಡೆ ಸೇರುತ್ತಾರೆ. ಸಂಜೆಗೆ ಜೋಡಿ ನರಗುಂದಕ್ಕೆ ಹೊರಡುತ್ತದೆ, ನೆಂಟರು ಚದರುತ್ತಾರೆ. ಆ ಒಂದು ಮಧ್ಯಾಹ್ನ ತಪ್ಪಿದರೆ ಕಾಶೀಂಬಿ ಒಬ್ಬಳೇ ಗೋಡೆ ನೋಡುತ್ತ ಚಿತ್ರ ನೋಡಬೇಕು.

"ಇನ್ಶಾ ಅಲ್ಲಾಹ್ ದಾದಿಮಾ, ಶುಕ್ರವಾರ ನಾನ ಪೆನ್ ಡ್ರೈವ್ ತಗೊಂಡ ಬರ್ತೀನಿ" ಅಂದಳು ಜಬೀನ.

ಓಣಿಯಲ್ಲಿ ಗುರುವಾರದಿಂದ ಕಂಬ ಬದಲಿಸುವರೆಂದೂ, ಶನಿವಾರದವರೆಗೆ ಲೈನು ಇರುವುದಿಲ್ಲವೆಂದೂ ಸುದ್ದಿ ಬಂದಿತ್ತು. ಜಬೀನ ಹೆದರಲಿಲ್ಲ. ನರಗುಂದದಿಂದ ಬರುವ ಬಸ್ಸಿನಲ್ಲೇ ಕ್ಯಾಮೆರಾದ ಪುಟ್ಟ ಕಿಂಡಿಯಲ್ಲಿ ನೋಡಿ ನೋಡಿ, ಯಾವುದು ಇರಲಿ, ಯಾವುದು ಹೋಗಲಿ ಎಂದು ತೀರ್ಮಾನಿಸಿಬಿಟ್ಟಳು. ಮಂಗಳವಾರ ಇಡೀ ದಿನ ಜೋಡಿಸಿದಳು. ಬುಧವಾರ ಬೆಳಿಗ್ಗೆ ರೆಂಡರಿಗೆ ಹಚ್ಚಿ, ಎಂದಿನಂತೆ ಕೌದಿ ಹೊದಿಸಿ, ಅಡುಗೆಗೆ ಹೋದಳು. ಶುರುವಿನಲ್ಲಿ ಪರದೆ ತೋರಿಸಿದ ಎರಡೂವರೆ ತಾಸಿನ ಲೆಕ್ಕದಂತೆ ಮಧ್ಯಾಹ್ನ ಆಗುವುದರೊಳಗೆ ಮುಗಿಯಬೇಕಿತ್ತು.

ಮಧ್ಯಾಹ್ನಕ್ಕೆ ಕೌದಿ ಎತ್ತಿ ಇಣುಕಿದರೆ ಅರ್ಧವೂ ಆಗಿರಲಿಲ್ಲ. ಅವಳು ಅದನ್ನೇ ನೋಡುತ್ತ ನಿಂತಿದ್ದಾಗ ಕರೆಂಟು ಹೋಯಿತು.

ಹೊರಗೆ ಕಂಬದ ಲಾರಿ ಬಂದು ನಿಂತಿತ್ತು. ಗುರುವಾರ ಬರುವೆವು ಅಂದವರು ಬುಧವಾರವೇ ಬಂದಿದ್ದರು. ಇನಾಯತ ಓಡಿಹೋಗಿ ಕೇಳಿದ. "ಹಿಂದಿನ ಊರಿನ ಕೆಲಸ ಲಗೂ ಮುಗೀತರಿ ಸಾಹೇಬ್ರ, ಅದಕ್ಕ ಬಂದ್ವಿ" ಅಂದರಂತೆ, ಶಹಬ್ಬಾಸ್ ಅನ್ನಿಸಿಕೊಳ್ಳುವ ಮುಖ ಮಾಡಿಕೊಂಡು. ಅಷ್ಟರಲ್ಲಿ ತಂತಿ ನೆಲಕ್ಕಿಳಿದಿತ್ತು.

ಕಂಪ್ಯೂಟರಿನ ಕೆಳಗಿನ ಸಣ್ಣ ಯುಪಿಎಸ್ಸು ಒಂದೆರಡು ನಿಮಿಷ ಕುಂಯ್‌ಗುಟ್ಟುತ್ತ ಹಿಡಿದುಕೊಂಡಿತು; ಇನ್ವರ್ಟರಿನ ವಾಯರಿಗೆ ಬದಲಿಸುವಷ್ಟು ಹೊತ್ತು ಅದು ತಾಳುವಂತಿರಲಿಲ್ಲ. ಅಷ್ಟರಲ್ಲಿ ಜಬೀನ ಆ ವ್ಯಾಟು ತೋರಿಸುವ ಸಾಫ್ಟ್‌ವೇರ್ ತೆರೆದಳು. ಬೆಳಿಗ್ಗೆಯಿಂದ ಅದು ಹಿಂದೆ ಕೂತು ಗೆರೆ ಎಳೆಯುತ್ತಲೇ ಇತ್ತು. ಆ ಗೆರೆಗಳ ಫೋಟೊವನ್ನು ಫೋನಿನಲ್ಲಿ ತೆಗೆದುಕೊಂಡು, ಕಂಪ್ಯೂಟರು ಬಂದ್ ಮಾಡಿ, ನೆಲದ ಮೇಲೆ ಕೂತಳು.

"ಇನ್ವರ್ಟರ್ ಐತಲ್ಲ" ಅಂದ ಇನಾಯತ.

"ಐತಿ. ಆದ್ರ ಲೈನ್ ಬರೂತನಕ ಮತ್ತ ಚಾರ್ಜ್ ಆಗಂಗಿಲ್ಲ. ಒಂದ ಸಲಕ್ಕ ಎಷ್ಟ ಐತಿ ಅಷ್ಟ. ತಡೀರಿ, ಲೆಕ್ಕಾ ಹಾಕ್ತೀನಿ."

ಗೆರೆ ನೋಡಿ ಮೊದಲು ಅವಳ ಮುಖ ಅರಳಿತು. ಶುರುವಿನಲ್ಲಿ ಎಪ್ಪತ್ತೈದು ವ್ಯಾಟು ಇದ್ದದ್ದು ಸ್ವಲ್ಪ ಹೊತ್ತಿಗೆ ಮೂವತ್ತೈದಕ್ಕೆ ಇಳಿದು, ಅಲ್ಲಿಯೇ ಮಲಗಿಬಿಟ್ಟಿತ್ತು. "ಏ, ಅರ್ಧಕ್ಕಿಂತ ಕಮ್ಮಿ ತಿಂದೈತಿ! ಉಪಾಸ ಹಿಡದಂಗ." ನಗುತ್ತಲೇ ಉಳಿದ ನೂರು ಕೂಡಿಸಿದಳು: ನೂರಾ ಮೂವತ್ತೈದು. ಆದರೆ ಅದೇ ವೇಗದಲ್ಲಿ ಹೋದರೆ ಇಡೀ ಫಿಲ್ಮಿಗೆ ಐದು ತಾಸು ಬೇಕಿತ್ತು. ಗುಣಿಸಿದಳು. ಕಳಕೇಶ ಹೇಳಿದ ಬ್ಯಾಟರಿಯ ಲೆಕ್ಕದ ಪಕ್ಕ ಇಟ್ಟಳು. ನಗು ಹೋಯಿತು.

"ಸಾಲಂಗಿಲ್ಲ" ಅಂದಳು.

"ಕಮ್ಮಿ ತಿಂದೈತಿ ಅಂದಿ?"

"ಕಮ್ಮಿ ಕಮ್ಮಿ ತಿನ್ಕೋತ ಭಾಳ ಹೊತ್ತ ಕುಂತೈತಿ. ಪಂಕ್ತ್ಯಾಗ ಕಡೀಗೆ ಏಳಾವ್ರು ಹಂಗ."

ಕಂಪ್ಯೂಟರನ್ನು ಬೇರೆ ಓಣಿಗೆ ಒಯ್ಯುವ ಮಾತು ಬಂತು. ಒಮ್ಮೆ ಸೂಡಿಗೆ ಆಟೋದಲ್ಲಿ ಒಯ್ದಿದ್ದಾಗ ರಸ್ತೆಯ ಕುಣಿಗಳಿಗೆ ಅದು ಮುನಿಸಿಕೊಂಡು, ರಿಪೇರಿಯವನ ಕೈಗೆ ಹೋಗುವ ತನಕ ಕಣ್ಣು ಬಿಟ್ಟಿರಲಿಲ್ಲ. ಮೇಲಾಗಿ, ಮತ್ತೊಬ್ಬರ ಮನೆಯಲ್ಲಿ, ಹುಡುಗರು ಓಡಾಡುವಲ್ಲಿ ಅದನ್ನು ಹಚ್ಚಿಟ್ಟು ಕೂರುವುದು ಜಬೀನಳಿಗೆ ಬೇಕಿರಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ರೋಣದಿಂದ ಸ್ಟುಡಿಯೋ ದಾದಾಪೀರ ಫೋನು ಮಾಡಿದ. ಒಳ್ಳೆಯ ಮನುಷ್ಯ. ಅವನಲ್ಲಿ ಜನರೇಟರ್ ಇತ್ತು. "ಭಾಬಿ, ಇನಾಯತನ ಕೈಯಾಗ ಡಿಸ್ಕ್ ಕಳಸ್ರಿ. ನಾ ನೋಡಂಗಿಲ್ಲ, ಸುಮ್ನ ರೆಂಡರಿಗೆ ಹಾಕಿ ಕೊಡ್ತೀನಿ."

"ನೀವು ನೋಡಂಗಿಲ್ಲ, ನನಗ ಗೊತ್ತೈತಿ ಭಾಯಿ. ಆದ್ರ ನಾ ಆ ಹುಡುಗ್ಯಾರಿಗೆ ಮಾತ ಕೊಟ್ಟೀನಿ" ಅಂದಳು. ಅವನು ಮತ್ತೆ ಒತ್ತಾಯ ಮಾಡಲಿಲ್ಲ.

ಮಾತು ಕೊಟ್ಟದ್ದು ಎರಡು ಕಡೆ ಆಗಿತ್ತು. ಹುಡುಗಿಯರಿಗೆ ಕೊಟ್ಟ ಮಾತು ಉಳಿಸಿದರೆ ಕಾಶೀಂಬಿಗೆ ಕೊಟ್ಟದ್ದು ಹೋಗುತ್ತಿತ್ತು.

ಆ ಹೊತ್ತಿಗೆ ಮುದುಕವ್ವ ಬಂದಳು, ಬೀಸಣಿಕೆ ಬೀಸಿಕೊಳ್ಳುತ್ತ. "ನಿಮ್ಮದೂ ಹೋತೇನು? ಏನಾತು, ಸಪ್ಪಗ ಕುಂತೀಯಲ್ಲ?" ಅನ್ನುತ್ತ ಮಂಡಿ ನೋವಿಗೆ ಆಸರೆಯೆಂದು ಟೇಬಲಿನ ಕೌದಿಯ ಮೇಲೆ ಕೈ ಊರಿದಳು. ಊರಿದ ಕೈಯನ್ನು ಹಾಗೆಯೇ ಹಿಂದೆಗೆದಳು.

"ಅಯ್ಯ ಶಿವನ! ಇದೇನ ಇಷ್ಟ ಬಿಸಿ? ಒಳಗ ರೊಟ್ಟಿ ಬಡ್ಯಾಕ ಇಟ್ಟೀಯೇನ?" ಕೌದಿ ಎತ್ತಿ ಒಳಗೆ ಕೈಯಾಡಿಸಿದಳು. "ಈ ಬಿಸಲಾಗ ಬಾಣಂತಿಗೆ ಹೊಚ್ಚಿದಂಗ ಹೊಚ್ಚೀಯಲ್ಲ ಇದಕ್ಕ! ಉಸರ ಕಟ್ಟಂಗಿಲ್ಲೇನ?"

"ಹೆಂಗಸರ ಕಡೀದು ಆಯಿ, ಯಾರರ ನೋಡಿದ್ರ ಅಂತ..."

"ಹೆಂಗಸರಿಗಿ ಪಡದೆ ಹಾಕು. ಪೆಟಗಿಗ್ಯಾಕ?"

ಜಬೀನ ಫೋನು ಎತ್ತಿಕೊಂಡಳು. ಆ ಫೋಟೊದಲ್ಲಿ ಎರಡು ಗೆರೆ ಇದ್ದವು. ಅವಳು ಇಲ್ಲಿಯವರೆಗೆ ವ್ಯಾಟಿನ ಗೆರೆ ಒಂದನ್ನೇ ನೋಡಿದ್ದಳು. ಅದರ ಕೆಳಗಿನದು ಬಿಸಿಯ ಗೆರೆ. ಅದು ಏರುತ್ತ ಏರುತ್ತ ಹೋಗಿ, ಕುದಿಯುವ ನೀರಿನ ಹತ್ತಿರಕ್ಕೆ ಮುಟ್ಟಿದ ಗಳಿಗೆಯಲ್ಲೇ ಮೇಲಿನ ಗೆರೆ ಧೊಪ್ಪನೆ ಇಳಿದಿತ್ತು.

"ಯಾ ಅಲ್ಲಾಹ್" ಅಂದಳು, ಮೆಲ್ಲಗೆ. ಆಮೇಲೆ ನಗತೊಡಗಿದಳು. "ಉಪಾಸ ಅಲ್ಲ ಆಯಿ. ಇದಕ್ಕ ಜ್ವರ ಬಂದಿತ್ತು."

ಬಿಸಿ ಮಿತಿ ಮೀರಿದರೆ ಪ್ರೊಸೆಸರು ಸುಟ್ಟುಹೋಗದಿರಲಿ ಎಂದು ತಾನೇ ಕೆಲಸ ನಿಧಾನ ಮಾಡುತ್ತದೆ. ಅದಕ್ಕೇ ವ್ಯಾಟು ಇಳಿದಿತ್ತು, ಅದಕ್ಕೇ ಎರಡೂವರೆ ತಾಸಿನ ಕೆಲಸ ಐದು ತಾಸಿಗೆ ಎಳೆದಿತ್ತು. ಪ್ರೊಸೆಸರು ಕಡಿಮೆ ತಿಂದರೂ ಉಳಿದ ನೂರು ವ್ಯಾಟಿನವು ಐದು ತಾಸೂ ಕೂತು ತಿನ್ನುತ್ತಿದ್ದವು. ಕಳೆದ ವರ್ಷ ಅಳೆಯುವಾಗ ಇದ್ದದ್ದು ಗುಡ್ಡದ ವಿಡಿಯೊ. ಗುಡ್ಡಕ್ಕೆ ಯಾರು ಕೌದಿ ಹೊದಿಸುತ್ತಾರೆ? ಹಾಗಾಗಿ ಇದು ಗೊತ್ತೇ ಆಗಿರಲಿಲ್ಲ. ಕೌದಿ ಹೊದ್ದ ಪ್ರತಿಯೊಂದು ಮದುವೆಯೂ ಆ ಪೆಟ್ಟಿಗೆಯೊಳಗೆ ಹೀಗೆಯೇ ತೆವಳಿತ್ತು.

ಮುದುಕವ್ವನಿಗೆ ಇದನ್ನು ಬಿಡಿಸಿ ಹೇಳಿದಾಗ ಆಕೆಗೆ ಹೊಸದೇನೂ ಅನ್ನಿಸಲಿಲ್ಲ. "ಹಸಿ ಕಟಗಿ ಒಲಿ ಹಂಗ. ಉರಿ ಸಣ್ಣದು, ರೊಟ್ಟಿ ಬೇಯಂಗಿಲ್ಲ, ಕಟಗಿ ಮಾತ್ರ ಸುಟ್ಕೋತ ಹೋಗೂದು."

ಜಬೀನ ಮತ್ತೆ ಗುಣಿಸಿದಳು. ಕೌದಿ ಇಲ್ಲ, ಮಾನಿಟರು ಬಂದ್. ನೂರಾ ಐವತ್ತು ವ್ಯಾಟು, ಎರಡೂವರೆ ತಾಸು. ಬ್ಯಾಟರಿಯೊಳಗೆ ಹಿಡಿಯುತ್ತದೆ, ಒಂದಿಷ್ಟು ಉಳಿಯಲೂಬಹುದು. ಆದರೆ ಕಳಕೇಶನ ಮಾತು ಕಳೆದ ವರ್ಷದ್ದು. ಬ್ಯಾಟರಿಗೆ ಈಗ ಒಂದು ವರ್ಷ ಹೆಚ್ಚು ವಯಸ್ಸಾಗಿತ್ತು, ಎಷ್ಟು ಇಳಿದಿದೆಯೋ ಯಾವ ಸಾಫ್ಟ್‌ವೇರೂ ಹೇಳುವಂತಿರಲಿಲ್ಲ.

"ಆಯಿ, ನಾಳಿ ಮುಂಜಾನಿ ತಂಪಿನ್ಯಾಗ ಹಚ್ತೀನಿ, ಅಲ್ಲಿತನಕ ನೀವು ಇನ್ವರ್ಟರ್ ಮುಟ್ಟಬಾರದ್ರಿ. ಫ್ಯಾನ್ ಇಲ್ಲ, ಟೀವಿ ಇಲ್ಲ. ಧಾರಾವಾಹಿ ಹೋಗತೈತಿ ನಿಮ್ಮದು."

"ಹೋಗ್ಲಿ ಬಿಡ. ಆ ಸೊಸಿ ಹೋದ ವರ್ಷದಿಂದ ಅಳಾಕತ್ಯಾಳ. ನಾ ಒಂದ ದಿನ ನೋಡಲಿಲ್ಲಂದ್ರ ನಗಾಕ ಹತ್ತತಾಳೇನು?"

ಗುರುವಾರ ಬೆಳಗಿನ ನಮಾಜು ಮುಗಿಸಿ, ಇನ್ನೂ ತಂಪಿರುವಾಗಲೇ ಜಬೀನ ವಾಯರು ಜೋಡಿಸಿದಳು. ಕೌದಿಯನ್ನು ಟೇಬಲಿನಿಂದ ತೆಗೆದು ಪಡಸಾಲೆಯ ಬಾಗಿಲಿಗೆ ಅಡ್ಡ ಕಟ್ಟಿದಳು. ಇನಾಯತನನ್ನು ಹೊರಗೆ ಕೂರಿಸಿದಳು. ರೆಂಡರ್ ಒತ್ತಿ, ವ್ಯಾಟಿನ ಗೆರೆ ಎಪ್ಪತ್ತೈದಕ್ಕೆ ಏರಿ ನಿಂತದ್ದನ್ನೂ, ಬಿಸಿಯ ಗೆರೆ ಅರ್ಧದಲ್ಲೇ ತಡೆದು ನಿಂತದ್ದನ್ನೂ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಮಾನಿಟರು ಆರಿಸಿದಳು.

ಇನ್ನು ನೋಡಲು ಏನೂ ಇರಲಿಲ್ಲ. ಆಗಾಗ ಇಣುಕುವ ಅವಳ ಚಾಳಿಗೆ ಇದು ದೊಡ್ಡ ಶಿಕ್ಷೆ. ಕೇಳಲು ಮಾತ್ರ ಇತ್ತು: ಪೆಟ್ಟಿಗೆಯ ಫ್ಯಾನಿನ ಒಂದೇ ಸಮನೆಯ ಗುಂಯ್. ಕೆಲಸ ಮುಗಿದಾಗ ಆ ಸದ್ದು ತಗ್ಗಬೇಕು. ಜಬೀನ ತಸ್ಬಿ ಹಿಡಿದು ಗೋಡೆಗೊರಗಿದಳು. ಮುದುಕವ್ವ ಈಚೆ ಅವರೆಕಾಯಿ ಸುಲಿಯುತ್ತ ಕೂತಳು. ಕೌದಿಯ ಆಚೆಯಿಂದ ಇನಾಯತ, "ಆತೇನ?" ಅನ್ನುವನು. "ಇಲ್ಲ." ಮತ್ತೊಂದಿಷ್ಟು ಹೊತ್ತಿಗೆ, "ಆತೇನ?"

"ಇನ್ನೊಮ್ಮೆ ಕೇಳಿದ್ರ ನಿಮ್ಮ ಮಾತಿನ ಬಿಸಿಗೇ ಇದು ನಿಲ್ಲತೈತಿ!"

ಎರಡು ತಾಸು ಕಳೆದು ಇನ್ನೇನು ಸ್ವಲ್ಪ ಇರಬೇಕು ಅನ್ನುವಾಗ ಗೋಡೆಯಾಚೆ ಇನ್ವರ್ಟರ್ ಕೂಗಿತು. ಒಂದು ಕೂಗು, ಬಿಟ್ಟು ಇನ್ನೊಂದು.

ಜಬೀನ ಎದ್ದು ನಿಂತಳು. "ಆಯಿ, ನಿಮ್ಮ ಮನ್ಯಾಗ ಏನರ ಹಚ್ಚೀರೇನು?"

"ಏನೂ ಇಲ್ಲ. ದೇವರ ಜಗಲಿ ಮ್ಯಾಲಿನ ಸಣ್ಣ ಬಲ್ಪ್ ಅಷ್ಟ. ಅದು ಹಗಲೂ ರಾತ್ರಿ ಇರೂದ."

ಮುದುಕವ್ವನ ಕೈ ಅವರೆಕಾಯಿಯ ಮೇಲೆ ನಿಂತಿತು. ಬಲ್ಬು ತಿನ್ನುವುದು ಒಂದು ತುತ್ತು ಇದ್ದೀತು. ಆದರೆ ನಿನ್ನೆಯಿಂದ ತಿನ್ನುತ್ತಲೇ ಬಂದಿತ್ತು. ಆಕೆ ಮಂಡಿ ಹಿಡಿದುಕೊಂಡು ಎದ್ದಳು, ಮನೆಗೆ ಹೋದಳು. ಆ ಬಲ್ಬನ್ನು ಆಕೆ ಆರಿಸಿದ್ದನ್ನು ನಾನು ಈ ವರ್ಷಗಳಲ್ಲಿ ಕಂಡಿಲ್ಲ. ಕಡ್ಡಿ ಗೀರಿದ ಸದ್ದು ಕಿಟಕಿಯಲ್ಲಿ ಕೇಳಿತು. ಕಿಟಕಿಯಿಂದಲೇ ಕೂಗಿ ಹೇಳಿದಳು: "ಬಲ್ಪ್ ಆರಿಸಿ ಎಣ್ಣಿ ದೀಪ ಹಚ್ಚೀನಿ. ಶಿವಗ ಮೊದಲ ಅದ ಇತ್ತಲ್ಲ, ಏನ ತಿಳ್ಕೊಳ್ಳಂಗಿಲ್ಲ."

ಕೂಗು ನಿಲ್ಲಲಿಲ್ಲ. ಜಬೀನಳ ತುಟಿ ಅಲುಗುತ್ತಿತ್ತು.

ಆಮೇಲೆ ಫ್ಯಾನಿನ ಗುಂಯ್ ತಗ್ಗಿತು. ತಗ್ಗಿ ನಿಟ್ಟುಸಿರಿನಷ್ಟಾಯಿತು.

ಕರೆಂಟು ಕಡಿಮೆಯಾಗಿ ತಗ್ಗಿತೋ, ಕೆಲಸ ಮುಗಿದು ತಗ್ಗಿತೋ! ಜಬೀನ ಕಣ್ಣು ಅರ್ಧ ಮುಚ್ಚಿಕೊಂಡು ಮಾನಿಟರು ಹಚ್ಚಿದಳು. ಮುಗಿದಿತ್ತು. "ಅಲ್ಹಮ್ದುಲಿಲ್ಲಾಹ್" ಅನ್ನುತ್ತಲೇ ಪೆನ್ ಡ್ರೈವ್ ಚುಚ್ಚಿ, ಫಿಲ್ಮು ಇಳಿಸಿಕೊಂಡು, ಕಂಪ್ಯೂಟರು ಬಂದ್ ಮಾಡಿದಳು. ಇನ್ವರ್ಟರ್ ಇನ್ನೂ ಕೂಗುತ್ತಲೇ ಇತ್ತು.

"ಇನ್ನೂ ಸ್ವಲ್ಪ ಐತಿ ಆಯಿ, ನಿಮ್ಮ ಟೀವಿ ಹಚ್ರಿ. ನಿನ್ನೀದು ಈಗ ಮತ್ತ ತೋರಸ್ತಾರ."

ಮುದುಕವ್ವ ಟೀವಿ ಹಚ್ಚಿದಳು. ಸಾಬೂನಿನ ಜಾಹೀರಾತು ಬಂತು, ಚಹಾಪುಡಿಯದು ಬಂತು. ಧಾರಾವಾಹಿಯ ಸೊಸೆ ಬಾಗಿಲು ತೆರೆದಳು, ಕಣ್ಣಲ್ಲಿ ನೀರು ತಂದುಕೊಂಡಳು, ಟೀವಿ ಆರಿತು.

"ನಾ ಹೇಳಲಿಲ್ಲಾ?" ಅಂದಳು ಮುದುಕವ್ವ. "ಅಳಾಕನ ಹತ್ಯಾಳ."

ಶುಕ್ರವಾರ ರಾಜೂರಿನಲ್ಲಿ ಊಟವಾದ ಮೇಲೆ ಗಂಡಸರನ್ನೆಲ್ಲ ಬೇವಿನ ಗಿಡದ ಕೆಳಗೆ ಅಟ್ಟಿ, ಬಾಗಿಲು ಹಾಕಿ, ಹೆಂಗಸರು ಕಾಶೀಂಬಿಯ ಮಂಚದ ಸುತ್ತ ಕೂತರು. ಗುಲ್ಷನ ಅಜ್ಜಿಯ ತಲೆದಿಂಬಿನ ಪಕ್ಕ. ಜಬೀನ ಬಾಗಿಲ ಹತ್ತಿರ ನಿಂತಿದ್ದಳು. ಫಿಲ್ಮು ಶುರುವಾಗುತ್ತಲೇ ಕಾಶೀಂಬಿಯ ಮಾತೂ ಶುರುವಾಯಿತು.

"ನಿಲ್ಲಸ, ನಿಲ್ಲಸ. ಅಲ್ಲಿ ಹಳದಿ ಬಟ್ಲಾ ಹಿಡದಾಕಿ ಯಾರು? ಸೈರಾಬಾನು? ಎಣ್ಣಿ ಕಮ್ಮಿ ಹಾಕೀಯವ್ವಾ. ಟೀವ್ಯಾಗನ ಒಣಾ ಕಾಣತೈತಿ."

"ಇಲ್ರೀ ಅತ್ತಿ, ಬಾಟ್ಲಿ ಪೂರಾ ಹಾಕೀನಿ!"

"ಸುಳ್ಳ ಹೇಳಬ್ಯಾಡ, ನನ್ನ ಕಣ್ಣಿಗಿ ಪ್ಲಾಸ್ಟರ್ ಹಾಕಿಲ್ಲ."

ಮನೆಯೆಲ್ಲ ನಗು. ಯಾರು ಹಾಡಬಾರದೆಂದು ಆಕೆ ಹೇಳಿದ್ದಳೋ ಅವಳೇ ಹಾಡಿದ್ದಳು, ಅದಕ್ಕೂ ಬೈಸಿಕೊಂಡಳು. ಹೀಗೆ ಒಬ್ಬೊಬ್ಬರ ಸರದಿ ಮುಗಿಯುತ್ತ ಬಂತು. ಆಗ ಫಿಲ್ಮಿನಲ್ಲಿ ಹಳದಿ ಹಚ್ಚಿಕೊಳ್ಳಲು ಕೂತ ಗುಲ್ಷನ, ಮುಖದ ಬಲಗಡೆಗೆ ಯಾರಿಗೂ ಹಚ್ಚಗೊಡದೆ, ಕ್ಯಾಮೆರಾದ ಕಡೆ ತಿರುಗಿ, "ಈ ಗಲ್ಲ ದಾದಿಮಾಂದು, ಯಾರೂ ಮುಟ್ಟಬ್ಯಾಡ್ರಿ" ಅಂದಳು.

ಕಾಶೀಂಬಿ ಈ ಸಲ ನಿಲ್ಲಿಸು ಅನ್ನಲಿಲ್ಲ. ಸೊಸೆಯ ಕಡೆ ಕೈ ಚಾಚಿದಳು. "ಹಳದಿ ತಾ. ಎಣ್ಣಿ ನಾನ ಹಾಕ್ತೀನಿ."

ಮಂಚದಲ್ಲಿ ಒರಗಿಕೊಂಡೇ, ಮದುವೆಯಾಗಿ ಐದು ದಿನವಾದ ಹುಡುಗಿಯ ಬಲಗಲ್ಲಕ್ಕೆ ಹಳದಿ ಹಚ್ಚಿದಳು, ಧಾರಾಳವಾಗಿ, ಎಣ್ಣೆ ಇಳಿಯುವಂತೆ. ಹಚ್ಚಿ, ಕೈ ಒರೆಸಿಕೊಂಡು, ಬಾಗಿಲ ಕಡೆ ನೋಡಿದಳು.

"ಜಬೀನ, ಈಗ ಮೊದಲಿಂದ ಹಚ್ಚು. ನಾ ಬೈಯೂದರಾಗ ಅರ್ಧ ನೋಡಿಲ್ಲ."

ಆ ಕೌದಿ ಆಮೇಲೆ ಟೇಬಲಿಗೆ ಮರಳಲಿಲ್ಲ; ಬಾಗಿಲಿಗೇ ಉಳಿಯಿತು. ಕಳೆದ ಸೋಮವಾರ ನಾನು ಗುಡ್ಡ ಇಳಿದು ಬಂದು ಕಟ್ಟೆಯ ಮೇಲೆ ಕೂತಿದ್ದಾಗ ಇನಾಯತ ಬಂದ. ಚಪ್ಪಲಿ ಬಿಟ್ಟ. ಕೌದಿಯ ಮುಂದೆ ನಿಂತು ಕೆಮ್ಮಿದ.

"ಎಷ್ಟೊತ್ತ ಐತಿ?"

"ಎರಡ ತಾಸು" ಅಂತು ಕೌದಿಯೊಳಗಿನ ದನಿ. "ಮೊದಲ ಐದ ತಾಸು ಕುಂದರ್ತಿದ್ರಿ. ನನಗ ದುವಾ ಮಾಡ್ರಿ."

ಇನಾಯತ ನಮ್ಮ ಕಡೆ ನೋಡಿದ. ಮುದುಕವ್ವ ನೀರಿನ ತಂಬಿಗೆ ಮುಂದೆ ಸರಿಸಿದಳು.